ಚಾಲಕ, ನಿರ್ವಾಹಕ ಮತ್ತು ನಮ್ಮತ್ತೆ

ನಮ್ಮ ಮನೆಯ ಮುಂದಿನ ಕೋಣೆ ನನ್ನ ಕಂಪ್ಯೂಟರಿಗೋ, ಅತ್ತೆಯ ಮುಸುಕಿನ ಜೋಳಕ್ಕೋ ಎನ್ನುವ ಪ್ರಶ್ನೆ ಆ ವರ್ಷ ಒಂದು ಲಗ್ನಪತ್ರಿಕೆಯ ಮೇಲೆ ನಿಂತಿತ್ತು. ಆ ದಿನವನ್ನು ನೆನೆಸಿಕೊಂಡರೆ ಈಗಲೂ ನಗು ತಡೆಯುವುದಿಲ್ಲ. ಇದನ್ನು ಬರೆಯುತ್ತಾ ಒಬ್ಬಳೇ ಕಿಸಿಕಿಸಿ ಅನ್ನುತ್ತಿದ್ದೇನೆ.

ತಮಿಳು ಸೀಮೆಗೆ ಸೇರಿದ ನಮ್ಮ ಗಡಿಯೂರು ಪಣಕಹಳ್ಳಿಯಲ್ಲಿ ಆಗ ಜೋಳ ಮುರಿಯುವ ಕಾಲ. ಮೂಟೆಗಳು ಪ್ರತಿವರ್ಷ ಕೂರುತ್ತಿದ್ದುದು ಆ ಕೋಣೆಯಲ್ಲೇ. ನಾನು ಹಟ ಹಿಡಿದು ಅಲ್ಲಿ ಟೈಪಿಂಗ್ ಅಂಗಡಿ ಇಡುತ್ತೇನೆ ಎಂದೆ. ತಮಿಳಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವವರು ಬೇಕಾದಷ್ಟು ಜನ ಇದ್ದರು, ಕನ್ನಡದಲ್ಲಿ ಒತ್ತಕ್ಷರ ಕೆಡದಂತೆ ಮಾಡುವವರು ಕಡಿಮೆ. ನಮ್ಮತ್ತೆ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

"ಮೊದಲ್ನೇ ಕೆಲ್ಸ ಸರ್ಯಾಗಿ ಮಾಡ್ಕೊಡು, ನೋಡವ. ಇಲ್ದಿದ್ರ ಜ್ವಾಳ ಅಲ್ಲೇ ಕೂತ್ಕತದ" ಎಂದರು. ಅವರ ಅಪ್ಪಣೆಯಿಲ್ಲದೆ ನಮ್ಮ ಮನೆಯಲ್ಲಿ ಬೆಕ್ಕೂ ಹೊಸ್ತಿಲು ದಾಟುವುದಿಲ್ಲ. ನಾನು ತಲೆಯಾಡಿಸಿದೆ.

ಕಂಪ್ಯೂಟರು, ಪ್ರಿಂಟರು ಎರಡನ್ನೂ ಚಾಮರಾಜನಗರದ ಅಂಗಡಿಯವನೊಬ್ಬ ಸಿದ್ಧಮಾಡಿ ಬಸ್ಸಿಗೆ ಹಾಕಿದ. ನಮ್ಮ ಕಡೆಗೆ ಔಷಧಿ, ಮೋಟರಿನ ಬಿಡಿಭಾಗ, ಮದುವೆಯ ಹೂವು ಎಲ್ಲ ಬರುವುದು ಕಂಡಕ್ಟರನ ಕೃಪೆಯಿಂದಲೇ. ನಾನು ಹೊಲದಲ್ಲಿದ್ದುದರಿಂದ ಅತ್ತೆಯೇ ಹೋಗಿ ರಟ್ಟಿನ ಪೆಟ್ಟಿಗೆ ಇಳಿಸಿಕೊಂಡು ಬಂದಿದ್ದರು.

"ಕಂಡಕ್ಟ್ರು ಏನಾರ ಯೋಳುದ್ನ ಅತ್ತೆ?" ಎಂದು ಕೇಳಿದೆ.

"ಏನ್ ಯೋಳಾನು? ರೈಟ್ ರೈಟ್ ಅಂದ, ಬಸ್ ಓಯ್ತು."

ಕಂಪ್ಯೂಟರಿನ ಮಾತೆಲ್ಲ ಕನ್ನಡದಲ್ಲೇ ಇರಬೇಕು ಎಂದು ಅಂಗಡಿಯವನಿಗೆ ನಾನು ಮೊದಲೇ ತಾಕೀತು ಮಾಡಿದ್ದೆ. ಪುಣ್ಯಾತ್ಮ ಹಾಗೇ ಮಾಡಿ ಕಳಿಸಿದ್ದ. ನಾನು ಕನ್ನಡ ಶಾಲೆಯಲ್ಲಿ ಓದಿದವಳು, ಪರದೆಯ ತುಂಬ ನಮ್ಮ ಅಕ್ಷರ ಕಂಡು ಕುಣಿಯುವುದೊಂದು ಬಾಕಿ.

ಮೊದಲ ಗಿರಾಕಿ ದೊಡ್ಡಗಾಜನೂರಿನಿಂದ ಕೂಲಿಗೆ ಬರುತ್ತಿದ್ದ ಹೆಂಗಸು. ಮಗಳ ಮದುವೆ ಗೊತ್ತಾಗಿತ್ತು. "ನಂಗ ಕನ್ನಡ ಒಂದೇ ಓದಕ್ಕ ಬರದು ಕಣವ್ವ. ನನ್ ಮಗಳ ಎಸ್ರ ನಾನೇ ಓದ್ಬೇಕು" ಎಂದಳು. ಸಂಜೆ ಬಸ್ಸಿಗೆ ಅವಳು ಗೆಟ್ಟವಾಡಿಯ ಅಣ್ಣನ ಮನೆಗೆ ಹೋಗಬೇಕು. ಮೊದಲ ಪತ್ರಿಕೆಯನ್ನು ಎಲೆ ಅಡಿಕೆಯ ಜೊತೆ ಸೋದರಮಾವನಿಗೆ ಕೊಡದೆ ಬೇರೆ ಯಾರಿಗೂ ಹಂಚುವಂತಿಲ್ಲ.

ಪತ್ರಿಕೆ ಜೋಡಿಸುವ ತಂತ್ರಾಂಶದಲ್ಲಿ ಬಾಳೆಕಂಬ ನಿಲ್ಲಿಸಿ, ತೋರಣ ಕಟ್ಟಿ, ಹೆಸರುಗಳನ್ನು ಕೂರಿಸಿ, 'ಮುದ್ರಿಸು' ಒತ್ತಿದೆ. ಪ್ರಿಂಟರ್ ಮಿಸುಕಲಿಲ್ಲ. ಬದಲಿಗೆ ಪರದೆಯೆಲ್ಲ ಮಂಕಾಗಿ ನಡುವೆ ಒಂದು ಚೌಕ ಎದ್ದಿತು. "ಮುದ್ರಕದ ಚಾಲಕವನ್ನು ಸ್ಥಾಪಿಸಲು ನಿರ್ವಾಹಕರ ಅನುಮತಿ ಬೇಕು. ನಿರ್ವಾಹಕರ ಗುಪ್ತಪದ ನೀಡಿ."

ನನ್ನ ಖಾತೆಗೆ ಗುಪ್ತಪದವೇ ಇರಲಿಲ್ಲ, ಇದು ಇನ್ಯಾರದೋ. ಮನೆದೇವರ ಹೆಸರು ಹೊಡೆದೆ. ಗಂಡನ ಹೆಸರು ಹೊಡೆದೆ. ಎರಡಕ್ಕೂ ಕಂಪ್ಯೂಟರ್ ಸೊಪ್ಪು ಹಾಕಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ನನಗೆ ಅಳುವೇ ಬಂತು. ಅಷ್ಟರಲ್ಲಿ ಅತ್ತೆ ಬಂದು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಸರ್ಯಾಗೇ ಯೋಳ್ತಾ ಅದಲ್ಲ! ಡ್ರೈವರ್ನ ಕೂರ್ಸಕ್ಕ ಕಂಡಕ್ಟ್ರು ಒಪ್ಬೇಕಂತ. ಓಗಿ ಕೇಳು."

ಬರುತ್ತಿದ್ದ ಅಳು ನಗುವಾಗಿ ಮೂಗಿನಿಂದ ಹೊರಟಿತು. "ಅದು ಬ್ಯಾರೆ ನಿರ್ವಾಹಕ ಕಣತ್ತೆ. ತಮಿಳ್ನಲ್ಲಿ ನಿರ್ವಾಗಿ ಅಂತಾರಲ್ಲ, ಆಫೀಸ್ ನಡ್ಸೋರು, ಅಂಗೆ."

"ಚಾಮರಾಜನಗರದ ಬಸ್ಸಲ್ಲಿ ನಿರ್ವಾಹಕ ಅಂತ ಬರ್ದಿರ ಸೀಟಲ್ಲಿ ಯಾರ್ ಕೂರದು? ಆಫೀಸರ?"

ಕಚೇರಿಗೆ ತಮಿಳು, ಬಸ್ಸಿಗೆ ಕನ್ನಡ ಎಂದು ಹಂಚಿಕೊಂಡು ಬದುಕುವ ನಮಗೆ ಒಂದೇ ಪದ ಎರಡು ಕೆಲಸಕ್ಕೆ ಸೇರಿಕೊಂಡಿತ್ತು. ಹೇಗೂ ಅಂಗಡಿಯವನಿಗೆ ಸುದ್ದಿ ಮುಟ್ಟಿಸಲು ಕಂಡಕ್ಟರನೇ ಗತಿ. ಗಿರಾಕಿಯನ್ನು ಜಗಲಿಯ ಮೇಲೆ ಕೂರಿಸಿ ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಓಡಿದೆವು.

ಬಸ್ಸು ನಿಂತದ್ದೇ ತಡ, ಅತ್ತೆ ಫುಟ್‌ಬೋರ್ಡಿಗೆ ಅಡ್ಡ ನಿಂತರು. "ಏನಪ್ಪ, ನೀನು ಅನುಮತಿ ಕೊಡ್ದೆ ನನ್ ಸೊಸೆ ಪ್ರಿಂಟು ಓಡದಿಲ್ವಂತ! ಅದೇನೋ ಗುಪ್ತಪದ ಅಂತಲ್ಲ, ಕೊಟ್ಬುಡು!"

ಬಸ್ಸಿನ ತುಂಬ ಜನ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಕಂಡಕ್ಟರ್ ಬಾಯಿಂದ ಸೀಟಿ ತೆಗೆದ. "ಪಾಸ್‌ವರ್ಡಾ? ಅವತ್ತೇ ನಿಮ್ಗ ಯೋಳಿದ್ನಲ್ಲವ್ವ!"

"ಏನಂತ ಯೋಳ್ದೆ?"

"ರೈಟ್ ರೈಟ್!"

ಡ್ರೈವರ್ ಗೇರ್ ಹಾಕಿದ, ಬಸ್ಸು ಹೊರಟೇ ಬಿಟ್ಟಿತು. ಅತ್ತೆ ಸೆರಗು ಸಿಕ್ಕಿಸಿ ಹಿಂದೆಯೇ ಓಡಿದರು. "ಪಾಸ್‌ವರ್ಡ್ ಕೇಳುದ್ರ ಬಸ್ ಬುಟ್ಕಂಡು ಓಯ್ತಾವ್ನಲ್ಲ! ಏನ್ಲಾ ಅದು?"

"ಅದೇ ಕಣವ್ವ, ರೈಟ್ ರೈಟ್!" ಬಸ್ಸು ಇನ್ನೂ ಜೋರಾಯಿತು.

ಆಗ ನನಗೆ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ರಸ್ತೆಯ ಪಕ್ಕ ಕೂತುಬಿಟ್ಟೆ. ಒಳಗಿದ್ದ ಯಾರೋ "ಓಲ್ಡಾನ್! ಓಲ್ಡಾನ್!" ಎಂದು ಕೂಗಿದರು. ಬಸ್ಸು ಕಿರ್ ಎಂದು ನಿಂತಿತು. ಕಂಡಕ್ಟರ್ ಅರ್ಧ ಮೈ ಹೊರಹಾಕಿ ವಿವರಿಸಿದ. "ಅಂಗಡಿಯವ್ನು ಪಾಸ್‌ವರ್ಡ್ ಏನ್ ಇಡ್ಲಿ ಅಂದ. ಮರಿಬಾರ್ದು ಅಂತ ನಾನೇ ಇಡ್ಸ್‌ದೆ. ಇಂಗ್ಲೀಷು, ಸಣ್ಣಕ್ಷರ, ಎಲ್ಡೂ ಕೂಡ್ಸಿ, ರೈಟ್ ರೈಟ್!"

ಬಸ್ಸು ಮತ್ತೆ ಹೊರಟಿತು. ಈ ಸಲ ಪ್ರಯಾಣಿಕರೆಲ್ಲ ಕಿಟಕಿಯಿಂದ ಕೈಬೀಸಿ ನಮಗೆ ಅದೇ ಗುಪ್ತಪದ ಕೂಗುತ್ತಾ ಹೋದರು. ಅಷ್ಟು ಬಹಿರಂಗವಾದ ಗುಪ್ತಪದವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

"ನಾ ಯೋಳ್ನಿಲ್ವ, ಕಂಡಕ್ಟ್ರೇ ಕೊಡ್ಬೇಕು ಅಂತ?" ಎಂದರು ಅತ್ತೆ, ಏದುಸಿರು ಬಿಡುತ್ತಾ. ದಾರಿಯುದ್ದಕ್ಕೂ ಅದನ್ನೇ ಹೇಳಿದರು.

ಮನೆಗೆ ಬಂದು ಎರಡು ಪದ ಕೂಡಿಸಿ ಹೊಡೆದೆ. ಮಂಕಾಗಿದ್ದ ಪರದೆ ಬೆಳಗಿತು. ಚಾಲಕ ಕೂತ, ಪ್ರಿಂಟರ್ ಗೊರಗೊರ ಎಂದು ಪತ್ರಿಕೆಯನ್ನು ಹೊರಗೆ ನೂಕಿತು. ಆ ಹೆಂಗಸು ಅದನ್ನು ಎರಡೂ ಕೈಯಲ್ಲಿ ಹಿಡಿದು ಮಗಳ ಹೆಸರನ್ನು ಮೆಲ್ಲಗೆ ಓದಿದಳು. ಆಮೇಲೆ ಗಟ್ಟಿಯಾಗಿ ಓದಿದಳು. ಸಂಜೆ ಬಸ್ಸಿಗೆ ಅವಳು ಗೆಟ್ಟವಾಡಿಗೆ ಹೊರಟಳು.

ಕೋಣೆಯ ಬಗ್ಗೆ ಅತ್ತೆ ಒಂದು ಮಾತೂ ಆಡಲಿಲ್ಲ. ನಾನಾಗಿ ಕೇಳಲು ಧೈರ್ಯ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಜೋಳದ ಮೂಟೆ ಹೊತ್ತವರು ಬಂದು ಮುಂದಿನ ಕೋಣೆಯ ಬಾಗಿಲಲ್ಲಿ ನಿಂತರು. ಎದ್ದು ಪ್ರಿಂಟರಿನ ತಂತಿ ಕೀಳಲು ಹೋದೆ. ಅತ್ತೆ ನಡುಮನೆಯಿಂದಲೇ ಕೂಗಿದರು.

"ಅಲ್ಲಿ ಬ್ಯಾಡ ಕಣ್ರಪ್ಪ, ನಾ ಮಲಗ ಕ್ವಾಣೆಗ ಆಕಿ."

ಮೂಟೆಗಳು ಅವರ ಮಂಚದ ಸುತ್ತ ಒಂದರ ಮೇಲೊಂದು ಕೂತವು. ಅವರು ಮಲಗಲು ಒಂದಾಳಿನಷ್ಟೇ ಜಾಗ ಉಳಿಯಿತು. ನಾನು ಕೈಯಲ್ಲಿ ತಂತಿ ಹಿಡಿದು ಪೆಚ್ಚಾಗಿ ನಿಂತೇ ಇದ್ದೆ. ಅತ್ತೆ ಬಾಗಿಲಿಗೆ ಬಂದು, ಕಂಪ್ಯೂಟರನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ರೈಟ್ ರೈಟ್" ಎಂದರು.