ಯಮುನಳ ಗಿಟಾರಿನ ಮೂರನೇ ತಂತಿ

ಗಾಳಿಬೀಡಿನ ಯಮುನ ಗಿಟಾರ್ ಹಿಡಿದು ಸ್ಕ್ರೂ ತಿರುಗಿಸುತ್ತಾ ಕೂತರೆ ಮನೆಯಲ್ಲಿ ಯಾರೂ ಮಾತಾಡಿಸುವಂತಿರಲಿಲ್ಲ. ಗಿಟಾರ್ ಮತ್ತೆ ಕೈಗೆತ್ತಿಕೊಂಡ ಆ ವಾರವಂತೂ ಗಂಡ ಶಶಿಧರ ಕಾಫಿ ಲೋಟವನ್ನು ಪಕ್ಕದಲ್ಲಿಟ್ಟು ಸದ್ದಿಲ್ಲದೆ ತೋಟಕ್ಕೆ ಇಳಿದುಬಿಡುತ್ತಿದ್ದ.

ಮದುವೆಗಳಲ್ಲಿ ಆರ್ಕೆಸ್ಟ್ರಾದ ಜತೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವಳು ಅವಳು. ಮೊದಮೊದಲು ಹೆಂಗಸೊಬ್ಬಳು ಗಿಟಾರ್ ಹಿಡಿದು ನಿಂತಿದ್ದನ್ನು ಜನ ಊಟ ಬಿಟ್ಟು ನೋಡುತ್ತಿದ್ದರು. ಆಮೇಲೆ ಅವಳೇ ಬೇಕೆಂದು ಕರೆಸತೊಡಗಿದರು. ಹೋದ ವರ್ಷ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೆಲ್ಟಿಗೆ ಎಡಗೈಯ ಉಂಗುರ ಬೆರಳು ಸಿಕ್ಕಿಕೊಂಡು, ವಾದ್ಯ ಮುಟ್ಟದೆ ತಿಂಗಳುಗಟ್ಟಲೆ ಕೂತಿದ್ದಳು. ಗಾಯ ಮಾಗಿತು. ಸಿದ್ದಾಪುರದ ಮದುವೆಯೊಂದಕ್ಕೆ ಅಲ್ಲೇ ಮತ್ತೆ ಪ್ರಾಕ್ಟೀಸ್ ಶುರುವಾಯಿತು.

ಮೊದಲ ದಿನವೇ ಕೀಬೋರ್ಡಿನ ಬೊಳ್ಳಪ್ಪ ಕೈ ನಿಲ್ಲಿಸಿದ. "ಯಮುನಕ್ಕ, ಮೇಲಿನ ಸ್ವರ ಕೂಡ್ತಾ ಇಲ್ಲ. ಏರಿ ಹೋಗ್ತದೆ."

"ಈಗಷ್ಟೇ ಟ್ಯೂನ್ ಮಾಡಿದ್ದು ಮಾರಾಯ!"

ಮನೆಗೆ ಬಂದು ಮೊಬೈಲಿನ ಟ್ಯೂನರ್ ಮುಂದಿಟ್ಟು ನೋಡಿದಳು. ಮೂರನೇ ತಂತಿಯನ್ನು ಬರಿದೇ ಮೀಟಿದರೆ ಮುಳ್ಳು ನಟ್ಟನಡುವೆ. ಗಿಟಾರಿನ ಕತ್ತಿನ ಮೇಲೆ ಹನ್ನೆರಡನೇ ಮನೆಯಲ್ಲಿ ಒತ್ತಿ ಮೀಟಿದರೆ ಬಲಕ್ಕೆ, ಸ್ವರ ಏರಿದ ಕಡೆಗೆ, ಸರಿಯುತ್ತಿತ್ತು. ಹಳೆ ತಂತಿಯ ದೋಷವಿರಬೇಕೆಂದು ಹೊಸದು ಹಾಕಿದಳು. ಅದೇ ಕತೆ. ತಂತಿ ಕೂರುವ ಪುಟ್ಟ ಲೋಹದ ಸ್ಯಾಡಲನ್ನು ಹಿಂದಕ್ಕೆ ಸರಿಸಿದರೆ ತಂತಿಯ ಉದ್ದ ಹೆಚ್ಚಿ ಸ್ವರ ಇಳಿಯುತ್ತದೆ. ಸಿಟ್ಟಿನಲ್ಲಿ ಅದರ ಸ್ಕ್ರೂ ಉಲ್ಟಾ ತಿರುಗಿಸಿ ಇನ್ನಷ್ಟು ಕೆಡಿಸಿಕೊಂಡಳು. ಮತ್ತೆ ಹಿಂದಕ್ಕೆ, ಮತ್ತೆ ಟ್ಯೂನಿಂಗ್, ಮತ್ತೆ ಹನ್ನೆರಡನೇ ಮನೆ. ಸ್ಯಾಡಲ್ ಹಿಂದೆ ಸರಿದು ಅದರ ಬೆನ್ನಿಗಿದ್ದ ಸ್ಪ್ರಿಂಗ್ ಅಪ್ಪಚ್ಚಿಯಾದ ಮೇಲೆ ಮುಳ್ಳು ಕೊನೆಗೂ ನಡುವೆ ನಿಂತಿತು.

"ಸರಿಯಾಯ್ತಾ?" ಎಂದು ಶಶಿಧರ ಬಾಗಿಲಿಂದಲೇ ಕೇಳಿದ.

"ಆಗದೆ ಎಲ್ಲಿ ಹೋಗ್ತದೆ!"

ಸಿದ್ದಾಪುರಕ್ಕೆ ಹೋಗಿ ನುಡಿಸಿದರೆ ಈಗ ಕೆಲವು ಸ್ವರ ಸರಿ, ಕೆಲವು ಇಳಿಮುಖ. ಬೊಳ್ಳಪ್ಪ ಮುಖ ಹಿಂಡಿದ್ದೇ ತಡ, ಯಮುನ ಮೀಟುವ ಪಿಕ್ಕನ್ನು ಗೋಡೆಗೆಸೆದಳು. "ಈ ದರಿದ್ರ ಗಿಟಾರನ್ನ ಒಲೆಗೆ ಹಾಕ್ತೇನೆ!"

"ಕೊಡಿ ಇಲ್ಲಿ," ಎಂದು ಬೊಳ್ಳಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಹನ್ನೆರಡನೇ ಮನೆಯಲ್ಲಿ ತೋರುಬೆರಳು ಒತ್ತಿದ. ಟ್ಯೂನರಿನ ಮುಳ್ಳು ಎಡಕ್ಕೆ, ಸ್ವರ ಇಳಿದ ಕಡೆಗೆ, ವಾಲಿತು. ಅವಳು ಕಸಿದುಕೊಂಡು ಯಾವಾಗಿನಂತೆ ಉಂಗುರ ಬೆರಳಲ್ಲಿ ಒತ್ತಿದಳು. ನಟ್ಟನಡುವೆ. ಇನ್ನೊಮ್ಮೆ ತೋರುಬೆರಳಲ್ಲಿ. ಎಡಕ್ಕೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಕ್ಕ, ಆ ಬೆರಳಿಗೆ ಸ್ಪರ್ಶ ತಿಳೀತದಾ?"

ಅವಳು ಉಂಗುರ ಬೆರಳನ್ನು ಉಗುರಿಂದ ಚಿವುಟಿ ನೋಡಿದಳು. ಬೆರಳ ತುದಿ ಮರಗಟ್ಟಿತ್ತು. ತಂತಿ ತಾಗಿದ್ದು ಗೊತ್ತಾಗದೆ, ಮೂಳೆ ನೋಯುವವರೆಗೂ ಒತ್ತುತ್ತಿದ್ದಳು. ಹಾಗೆ ಒತ್ತಿದ ತಂತಿ ಬಿಗಿದು ಸ್ವರ ಏರುತ್ತಿತ್ತು. ಆ ಒಂದು ಬೆರಳಿಗೆ ಹೊಂದುವಂತೆ ಅವಳು ಇಡೀ ತಂತಿಯನ್ನೇ ಕೆಡಿಸಿಟ್ಟಿದ್ದಳು.

"ಗಿಟಾರೇ ಕೆಟ್ಟಿದ್ರೆ ಚೆನ್ನಾಗಿತ್ತು," ಎಂದಳು. "ಇದಕ್ಕೆ ಯಾವ ಸ್ಕ್ರೂ ತಿರುಗಿಸೋದು?"

ಸ್ಯಾಡಲನ್ನು ತೋರುಬೆರಳ ಲೆಕ್ಕಕ್ಕೆ ಮುಂದೆ ತಂದರು. ಒತ್ತಿದರೂ ಅಷ್ಟಾಗಿ ಬಿಗಿಯದ ದಪ್ಪ ತಂತಿ ಹಾಕಿ ಮತ್ತೊಮ್ಮೆ ಎಲ್ಲ ಸರಿಹೊಂದಿಸಿದರು. ಬೆರಳನ್ನು ಮಾತ್ರ ಹಾಗೆ ಸರಿಹೊಂದಿಸಲು ಬರಲಿಲ್ಲ. ಟ್ಯೂನರ್ ನೋಡುತ್ತಾ ಹಗುರವಾಗಿ ಒತ್ತಲು ಕಲಿಯತೊಡಗಿದಳು. ಹಗುರವಾದರೆ ತಂತಿ ಗರಗರ ಎನ್ನುತ್ತಿತ್ತು, ಬಿಗಿಯಾದರೆ ಸ್ವರ ಏರುತ್ತಿತ್ತು. ಎಷ್ಟೋ ಸಲ ಗಿಟಾರ್ ಬದಿಗಿಟ್ಟು ಅತ್ತಳು, ಬೈದಳು.

ಸಿದ್ದಾಪುರದ ಮದುವೆಯಲ್ಲಿ ಮೇಲಿನ ಸ್ವರಗಳಿಗೆ ಇನ್ನೂ ಪಳಗದ ಉಂಗುರ ಬೆರಳನ್ನು ಬಿಟ್ಟು ಉಳಿದ ಮೂರರಲ್ಲೇ ನುಡಿಸಿದಳು. ಒಂದೆಡೆ ಮಾತ್ರ ಆ ಬೆರಳು ಹಳೆ ಚಾಳಿಯಲ್ಲಿ ತಾನಾಗಿ ತಂತಿಗೆ ಹೋಗಿ ಸ್ವರ ಏರಿತು. ಜನ ಕುಣಿಯುತ್ತಲೇ ಇದ್ದರು.

"ಚೆನ್ನಾಗಿ ಬಂತು ಅಕ್ಕ," ಎಂದ ಬೊಳ್ಳಪ್ಪ.

"ಸುಳ್ಳು ಹೇಳ್ಬೇಡ," ಎಂದು ಅವಳು ಕೇಬಲ್ ಸುತ್ತಿದಳು. "ನಾಳೆ ಪ್ರಾಕ್ಟೀಸಿಗೆ ಬೇಗ ಬಾ. ಆ ಜಾಗ ಇನ್ನೊಮ್ಮೆ ನೋಡುವ."