ಮಾವನವರ ರೇಡಿಯಂ ಗಡಿಯಾರ

ಸತ್ತವರು ಮನೆಗೆ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಮ್ಮ ಯಜಮಾನರು ಪೊಲೀಸರಿಗೆ, ಬಂದರಿನ ಕಸ್ಟಮ್ಸ್‌ನವರಿಗೆ ತರಬೇತಿ ಕೊಡುತ್ತಿದ್ದರು. ಕದ್ದು ಸಾಗಿಸುವ ವಿಕಿರಣ ವಸ್ತುಗಳು ಬಾಂಬು ಮಾಡುವವರ ಕೈ ಸೇರುವ ಮೊದಲೇ ಪತ್ತೆ ಹಚ್ಚುವ ತರಬೇತಿ. ರಜೆಗೆ ಹೊಸನಗರಕ್ಕೆ ಬಂದಾಗಲೂ ಸುಮ್ಮನಿರುತ್ತಿರಲಿಲ್ಲ. ಮಾವನವರ ಹಳೆಯ ಕೈಗಡಿಯಾರವನ್ನು ಮನೆಯಲ್ಲಿ ಎಲ್ಲಾದರೂ ಅಡಗಿಸಿ, ವಿಕಿರಣ ಅಳೆಯುವ ತಮ್ಮ ಮೀಟರನ್ನು ನನ್ನ ಕೈಗೆ ಕೊಡುತ್ತಿದ್ದರು. ಆ ಗಡಿಯಾರದ ಮುಳ್ಳುಗಳಿಗೆ, ಕತ್ತಲಲ್ಲಿ ಹೊಳೆಯಲೆಂದು, ರೇಡಿಯಂ ಬಳಿದಿತ್ತು. ಹತ್ತಿರ ಹೋದಂತೆ ಮೀಟರಿನ ಟಿಕ್ ಟಿಕ್ ಜೋರಾಗುತ್ತಿತ್ತು. ಅಕ್ಕಿ ಡಬ್ಬಿ, ಹೊಲಿಗೆ ಮೆಷಿನ್ನಿನ ಡ್ರಾಯರು, ಒಮ್ಮೆ ನನ್ನದೇ ದಿಂಬು. ಅಡಗಿಸಿದವರು ಜಾಗ ಹೇಳುವಂತಿಲ್ಲ. ವಸ್ತು ಸಿಕ್ಕಿ, ಅವರು "ಮುಗೀತು" ಅನ್ನುವವರೆಗೆ ಅಭ್ಯಾಸ ಮುಗಿಯುವುದಿಲ್ಲ. ಅದು ಅವರ ಕೆಲಸದ ನಿಯಮ.

ಆ ಭಾನುವಾರವೂ ಅಡಗಿಸಿದರು. ನಾನು ಹುಡುಕಿ ಹುಡುಕಿ ಸೋತೆ.

"ಎಂತ ಮಾರಾಯ್ತಿ, ನಿನ್ನ ನಂಬಿದ್ರೆ ದೇಶ ಉಳೀತದಾ?" ಎಂದು ನಕ್ಕರು.

"ಜಾಗ ಹೇಳ್ರೀ, ಸಾರು ಕುದೀತಿದೆ."

"ಹೇಳೋ ಹಾಗಿಲ್ಲ. ನಾಳೆ ಹುಡುಕು."

ಮರುದಿನ ಸಾಗರದ ಬಸ್ಸಿನಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಅವರ ಜೇಬು, ಚೀಲ ಎಲ್ಲ ನೋಡಿದ್ದಾಯಿತು. ಆ ಗಡಿಯಾರ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ, ಅವರ ಬಳಿ ಕಲಿತ ಪೊಲೀಸ್, ತೀರ್ಥಹಳ್ಳಿಯ ನಾಗರಾಜ ಬಂದ. "ಅಕ್ಕಾ, ಆ ಗಡಿಯಾರ ಹುಡುಕಿ ಕೊಟ್ಟೇ ಹೋಗ್ತೀನಿ" ಎಂದ. ಅವರು ಕೊನೆಯದಾಗಿ ಇಟ್ಟದ್ದನ್ನು, ಇಟ್ಟ ಜಾಗದಿಂದ ನಾನೇ ತೆಗೆಯಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ನಾಗರಾಜ ಅವರ ಮೀಟರ್ ಹಿಡಿದು ಮಧ್ಯಾಹ್ನವೆಲ್ಲ ಮೂಲೆ ಮೂಲೆ ಜಾಲಾಡಿದ. ಆಗೊಂದು ಈಗೊಂದು ಟಿಕ್, ಯಾರ ಮನೆಯಲ್ಲಾದರೂ ಕೇಳುವಷ್ಟೇ.

ಸಂಜೆ ದೇವರಿಗೆ ದೀಪ ಹಚ್ಚಿ ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದೆ. ಅಡುಗೆಮನೆ ಬಾಗಿಲಲ್ಲಿ ಮೀಟರ್ ಒಮ್ಮೆಲೇ ಬಡಿದುಕೊಂಡಿತು. ನಾಗರಾಜ ಬಗ್ಗಿ ನೋಡುವಷ್ಟರಲ್ಲಿ ಸದ್ದು ಇಳಿಯಿತು. ಎರಡು ಹೆಜ್ಜೆ ಮುಂದಿಟ್ಟ, ಮತ್ತೆ ಏರಿತು. ಹಾಗೇ ಅದರ ಹಿಂದೆ ಹಿಂದೆ ದೇವರ ಗೂಡಿನವರೆಗೆ ಹೋಗಿ, ಅಲ್ಲಿಂದ ನನ್ನ ಕಡೆಗೆ ಬಂದ. ನನ್ನ ಬಲಭುಜದ ಹತ್ತಿರ ಮೀಟರ್ ಎಡೆಬಿಡದೆ ಬಡಿಯಿತು.

"ಅಕ್ಕಾ, ಇದು ನಡೆದಾಡ್ತಾ ಇದೆ."

"ಮೀಟರ್ ಕೆಟ್ಟಿರ್ಬೇಕು ಬಿಡು."

ಅವನು ತನ್ನದೇ ಇನ್ನೊಂದು ಮೀಟರನ್ನು ಜೇಬಿನಿಂದ ತೆಗೆದು ಹಿಡಿದ. ಅದೂ ಹಾಗೇ ಬಡಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಸದ್ದು ಹೊಸಿಲು ದಾಟಿತು. ನಾವಿಬ್ಬರೂ ಅದರ ಹಿಂದೆ ಸಾಗರದ ಬಸ್ಸು ನಿಲ್ಲುವ ತಿರುವಿನವರೆಗೆ ಹೋದೆವು. ಅಲ್ಲಿ ಇಳಿಯುತ್ತಾ ಇಳಿಯುತ್ತಾ ನಿಂತುಹೋಯಿತು.

ಆಸ್ಪತ್ರೆಯಲ್ಲಿ ವಿಕಿರಣದ ಔಷಧಿ ತೆಗೆದುಕೊಂಡವರು ಪಕ್ಕದಲ್ಲಿ ಹಾದುಹೋದರೂ ಮೀಟರ್ ಹೀಗೆ ಮಾಡುತ್ತದಂತೆ. ನಾಗರಾಜ ಹೇಳಿದ. ಆದರೆ ಅಂಥವರು ನಮ್ಮ ಅಡುಗೆಮನೆಯಿಂದ ಏಕೆ ಬರುತ್ತಾರೆ?

ಆಮೇಲೆ ಸಾಮಾನೆಲ್ಲ ಹೊರಗಿಟ್ಟು ಮನೆಗೆ ಸುಣ್ಣ ಬಳಿಸಿದೆ. ಹಂಚನ್ನೂ ಇಳಿಸಿ ನೋಡಿದ್ದಾಯಿತು. "ಮುಗೀತು" ಎಂದು ಯಾರೂ ಹೇಳಿಲ್ಲ. ಗಡಿಯಾರ ಇನ್ನೂ ಸಿಕ್ಕಿಲ್ಲ.