ಬಿಚ್ಚದೆಯೇ ಹಿಂದಿರುಗಿಸಿದ ಲ್ಯಾಪ್‌ಟಾಪ್

"ಪ್ರೊಸೆಸರ್ ಬೋರ್ಡಿಗೇ ಬೆಸುಗೆ ಆಗಿರ್ತದೆ. ಬದಲಿಸ್ಲಿಕ್ಕೆ ಆಗುದಿಲ್ಲ, ಹೊಸತು ತಗೊಳ್ಳಿ ಮಾರಾಯ್ರೆ," ಎಂದು ಪುತ್ತೂರಿನ ರಿಪೇರಿ ಅಂಗಡಿಯವರು, ವೇಗದ ಪ್ರೊಸೆಸರ್ ಹಾಕಿಸಲೆಂದು ಒಯ್ದಿದ್ದ ನನ್ನ ಹಳೆಯ ಲ್ಯಾಪ್‌ಟಾಪನ್ನು ಬಿಚ್ಚದೆಯೇ ಹಿಂದಕ್ಕೆ ತಳ್ಳಿದರು.

ಹಿಂದೊಮ್ಮೆ ಫ್ಯಾನಿನ ಧೂಳು ತೆಗೆಯುವಾಗ ಪ್ರೊಸೆಸರನ್ನು ಹಿಡಿದಿಟ್ಟ ಸಣ್ಣ ಸ್ಕ್ರೂ ಕಂಡಿದ್ದೆ. ನಿಜವಾಗಿ ಕಂಡಿದ್ದೆನೇ? ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವವನು ನಾನು. ಆದರೂ ಸ್ಕ್ರೂಡ್ರೈವರ್ ಕೇಳಿದೆ.

"ಹಾಳಾದ್ರೆ ಮತ್ತೆ ನನ್ನ ಹತ್ರ ಹೇಳುದು ಬೇಡ," ಎನ್ನುತ್ತಾ ಕೊಟ್ಟರು.

ಅವರ ಮೇಜಿನ ಮೇಲೆಯೇ ಬಿಚ್ಚಿ ಫ್ಯಾನ್ ಎತ್ತಿದೆ. ಸ್ಕ್ರೂ ಅಲ್ಲೇ ಇತ್ತು! ಅರ್ಧ ಸುತ್ತು ತಿರುಗಿಸಿದ್ದೇ ಪ್ರೊಸೆಸರ್ ಕೈಗೆ ಬಂತು. "ಹೌದಲ್ಲ ಮಾರಾಯ್ರೆ, ಸ್ಕ್ರೂ ಉಂಟು!" ಎಂದವರು ನಾನು ತಂದಿದ್ದ ವೇಗದ ಪ್ರೊಸೆಸರನ್ನು ತಾವೇ ಕೂರಿಸಿಕೊಟ್ಟರು.

ನನ್ನ ನೆನಪು ತಪ್ಪಬಹುದು. ಆದರೆ ಬಿಚ್ಚಿ ನೋಡದವರ ಮಾತಿಗೆ ಇನ್ನು ಅದನ್ನು ಬಿಟ್ಟುಕೊಡುವುದಿಲ್ಲ.